ನೀಲಿ ಹೆಬ್ಬೆರಳು ಮತ್ತು ನನ್ನ ಎಲೆ ಸಂಚಿ

ಎರಡು ತಿಂಗಳ ಹಿಂದೆ ನನ್ನ ಭಾವನ ಕಾಲಿನ ಹೆಬ್ಬೆರಳು ಹೋಗಿಯೇ ಬಿಡುವುದರಲ್ಲಿತ್ತು. ಅದಕ್ಕೆ ಕಾರಣವಾಗಲು ಹೊರಟವರು ಯಾರು ಗೊತ್ತೇ? ನಾನು! (ಅಕ್ಕನಿಗೆ ಇದು ಪೂರ್ತಿ ಗೊತ್ತಿಲ್ಲ. ಅವಳು ನನ್ನ ಅಂಕಣ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.)

ಕಾಸರಗೋಡು ಕಡೆಯ ಅಗಲ್ಪಾಡಿಯ ಈಶ್ವರ ಭಾವ ಅಡುಗೆಯವರು. ನಮ್ಮ ಕಡೆ ಮದುವೆ, ಉಪನಯನ ಎಲ್ಲಿದ್ದರೂ ಪಾಯಸದ ಉರುಳಿ ಪಾತ್ರೆಯ ಎದುರು ಅವರೇ. ನೈವೇದ್ಯ ಆಗದೆ ರುಚಿ ನೋಡುವ ಕ್ರಮವಿಲ್ಲ. ಸಾಂಬಾರಿಗೆ ಉಪ್ಪು ಸಾಲದು ಎಂಬುದನ್ನು ಪರಿಮಳದಲ್ಲೇ ಹೇಳಬಲ್ಲ ಮೂಗು ಅವರದು. ಹಾಗಿದ್ದೂ ಶುಗರ್ ಬಂತು. "ಪಾಯಸದ ಹಬೆ ಕುಡಿದೇ ಬಂದದ್ದು" ಎನ್ನುತ್ತಾರೆ. (ಹೋಳಿಗೆಯ ವಿಷಯ ನಾನು ಎತ್ತುವುದಿಲ್ಲ.)

ಒಂದು ಮದುವೆ ಮನೆಯಲ್ಲಿ ತೆಂಗಿನಕಾಯಿಯ ಗೋಣಿ ಇಳಿಸುವಾಗ ಒಂದು ಕಾಯಿ ಹೆಬ್ಬೆರಳ ಮೇಲೆ ಬಿತ್ತು. ಸಣ್ಣ ಗಾಯ. ಆದರೆ ಒಂದೂವರೆ ತಿಂಗಳಾದರೂ ಮಾಗಲಿಲ್ಲ. ಬದಿಯಡ್ಕದ ಡಾಕ್ಟರು ಮಂಗಳೂರಿಗೆ ಹೋಗಿ ಎಂದರು. ಅಲ್ಲಿನ ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ.

"ಬೆರಳಿನ ಚರ್ಮಕ್ಕೆ ರಕ್ತ ಬರ್ತಾ ಉಂಟಾ ನೋಡ್ಬೇಕು. ಬಂದ್ರೆ ಗಾಯ ಮಾಗ್ತದೆ. ಇಲ್ಲದಿದ್ರೆ ಬೆರಳು ತೆಗೀಬೇಕಾದೀತು."

"ಹೆಬ್ಬೆರಳಿಲ್ಲದೆ ಉರುಳಿ ಎದುರು ನಿಲ್ಲುದು ಹೇಗೆ ಡಾಕ್ಟ್ರೇ?" ಎಂದರು ಭಾವ. ದೊಡ್ಡ ಸಟ್ಟುಗ ಹಿಡಿದು ಬಗ್ಗಿ ತಿರುವುವಾಗ ಮೈಭಾರವೆಲ್ಲ ಬೀಳುವುದು ಅಲ್ಲಿಗೇ. ಡಾಕ್ಟರಮ್ಮ ಪರೀಕ್ಷೆಯ ಚೀಟಿ ಬರೆದು ಕೈಗಿಟ್ಟರು.

ಚೀಟಿಯನ್ನು ಓದಿ ಹೇಳಿದವನು ನಾನು. ಪರೀಕ್ಷೆಯ ದಿನ ಬೆಳಗ್ಗಿನಿಂದ ಕಾಫಿ, ಚಾ ಬೇಡ. ಬೀಡಿ, ಸಿಗರೇಟು ಬೇಡ.

"ಬೀಡಿ ನಾನು ಹುಟ್ಟಿದ ಮೇಲೆ ಮುಟ್ಟಿದ್ದಿಲ್ಲ" ಎಂದು ಭಾವ ಎದೆ ಉಬ್ಬಿಸಿದರು. ಕಾಫಿ ಬಿಡುವುದು ಮಾತ್ರ ತಪಸ್ಸೇ ಆಯಿತು. ಹತ್ತು ಗಂಟೆಗೆ ಆಸ್ಪತ್ರೆಯ ಬೆಂಚಿನಲ್ಲಿ ಕೂತು, "ತಲೆ ಒಂದು ನಮೂನೆ ಆಗ್ತಾ ಉಂಟು ಮಾರಾಯ" ಎಂದರು. ನನಗೆ ಪಾಪ ಎನಿಸಿತು. ಎಲೆ ಸಂಚಿ ತೆಗೆದು ಮುಂದೆ ಹಿಡಿದೆ.

ನೀವೇ ಹೇಳಿ, ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲೆ ಕೊಡದವನೂ ಒಬ್ಬ ಮನುಷ್ಯನೇ? ಎಲೆ, ಅಡಿಕೆ, ಸುಣ್ಣ, ಒಂದು ಚೂರು ಹೊಗೆಸೊಪ್ಪು. ಟೋಕನ್ ಕರೆಯಲು ತಡವಾಯಿತು. ಇನ್ನೊಂದು ಸಲವೂ ಆಯಿತು. (ಬಾಯಿಯ ಕೆಂಪು ರಸ ತುಪ್ಪಲು ಎಲ್ಲಿಗೆ ಹೋದಿರಿ ಎಂದು ಕೇಳಬೇಡಿ.)

ಪರೀಕ್ಷೆ ಬಹಳ ಸುಲಭದ್ದು. ಸೂಜಿ ಇಲ್ಲ, ಮುಟ್ಟುವುದೂ ಇಲ್ಲ. ಹದವಾದ ಬೆಚ್ಚಗಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಮಲಗಬೇಕು. ಮೇಲಿನಿಂದ ಪಾದಕ್ಕೆ ಕೆಂಪು ಲೇಸರ್ ಬೆಳಕು ಬೀಳುತ್ತದೆ, ಒಂದು ಕ್ಯಾಮರಾ ನೋಡುತ್ತದೆ. ಹರಿಯುವ ತೋಡಿನ ನೀರಿನ ಮೇಲೆ ಬಿಸಿಲು ಮಿನುಗುತ್ತದಲ್ಲ? ಚರ್ಮದೊಳಗೆ ರಕ್ತ ಓಡುವಲ್ಲಿ ಬೆಳಕು ಹಾಗೆ ಮಿನುಗುತ್ತದಂತೆ. ಚೆನ್ನಾಗಿ ಓಡುವ ಜಾಗ ಪರದೆಯಲ್ಲಿ ಕೆಂಪು, ಓಡದ ಜಾಗ ನೀಲಿ.

ಯಂತ್ರ ನಡೆಸುವ ಹುಡುಗಿ ನಮ್ಮೂರ ಕಡೆಯ ಪುತ್ತಿಗೆಯವಳು. ಗೊತ್ತಾದದ್ದೇ ಭಾವ ಮಲಗಿದಲ್ಲಿಂದಲೇ ವಿಚಾರಣೆ ಶುರು ಮಾಡಿದರು. "ಯಾವ ಮನೆ? ನಿನ್ನ ಮಾವನ ಮದುವೆಗೆ ಅಡುಗೆ ನಂದೇ ಅಲ್ವಾ ಕೂಸೇ!"

"ಕಾಲು ಅಲುಗಿಸ್ಬೇಡಿ ಭಟ್ರೇ" ಎಂದಳು ಅವಳು. ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು.

ಹಿಮ್ಮಡಿ ಹಳದಿ. ಪಾದದ ನಡು ಹಸಿರು. ಬೆರಳುಗಳೆಲ್ಲ ನೀಲಿ. ಹೆಬ್ಬೆರಳಂತೂ ಕಡುನೀಲಿ.

ಅಷ್ಟರಲ್ಲಿ ಅಕ್ಕನ ಫೋನು. "ಎಂತ ಹೇಳಿದ್ರು?" "ನೋಡ್ತಾ ಇದ್ದಾರೆ" ಎಂದು ಇಟ್ಟುಬಿಟ್ಟೆ. ಭಾವ ಪರದೆಯನ್ನೇ ನೋಡುತ್ತಾ, "ಹೋಯ್ತು ಅಂತ ಲೆಕ್ಕ ಅಲ್ವಾ?" ಎಂದರು. ಅಷ್ಟು ಸಣ್ಣ ಸ್ವರದಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ನಿಜವಾಗಿ ಹೆದರಿಕೆಯಾಯಿತು.

ಹುಡುಗಿ ದಿಂಬು ಸರಿಮಾಡಲು ಬಗ್ಗಿದವಳು ಮೂಗು ಅರಳಿಸಿದಳು.

"ಭಟ್ರೇ, ಬೆಳಗ್ಗಿಂದ ಎಂತಾದ್ರೂ ತಗೊಂಡಿದ್ದೀರಾ?"

"ಎಂತದೂ ಇಲ್ಲ. ಕಾಫಿ ಸಹ ಇಲ್ಲ."

"ಬಾಯಿ ಕೆಂಪುಂಟಲ್ಲ?"

"ಅದು ಎಲೆ."

"ಹೊಗೆಸೊಪ್ಪು ಹಾಕಿ?"

"ಅದಿಲ್ಲದೆ ಎಲೆ ಎಂತಕ್ಕೆ ಕೂಸೇ?"

ಹುಡುಗಿ ಹಣೆ ಚಚ್ಚಿಕೊಂಡಳು. ಹೊಗೆಯಾಗಿ ಎಳೆದರೂ, ಸೊಪ್ಪಾಗಿ ಜಗಿದರೂ ಅದು ಅದೇ ನಿಕೋಟಿನ್. ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿದುಬಿಡುತ್ತದೆ. "ಈ ಚಿತ್ರ ಲೆಕ್ಕಕ್ಕಿಲ್ಲ, ನಾಳೆ ಬನ್ನಿ. ಇವರಿಗೆ ಎಲೆ ಕೊಟ್ಟವರು ಯಾರು?" ಎಂದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಅವಳ ಪ್ರಶ್ನೆಗೆ ಭಾವ ಸುಳ್ಳು ಹೇಳಿದ್ದಲ್ಲ ನೋಡಿ. ದಿನವಿಡೀ ಮಾಡುವ ಕೆಲಸ ನಮ್ಮ ಲೆಕ್ಕದಲ್ಲಿ ಕೆಲಸವೇ ಅಲ್ಲ. ಏಕಾದಶಿ ಉಪವಾಸ ಎಂದವರು ಆರು ದೋಸೆ ತಿಂದಿರುತ್ತಾರೆ. "ನಾನು ಟಿವಿ ನೋಡುವುದೇ ಇಲ್ಲ" ಎಂದವರ ಮೊಬೈಲ್ ಮಧ್ಯಾಹ್ನಕ್ಕೇ ಚಾರ್ಜ್ ಮುಗಿದು ಸತ್ತಿರುತ್ತದೆ. ಚೀಟಿ ಬರೆಯುವವರಿಗೂ ಒಂದು ಮಾತು: ಕಾಸರಗೋಡಿನಿಂದ ಬರುವವರಿಗೆ ಬೀಡಿ ಸಿಗರೇಟಿನ ಪಕ್ಕದಲ್ಲಿ ಎಲೆಯನ್ನೂ ಸೇರಿಸಿಬಿಡಿ!

ಮರುದಿನ ಭಾವನ ಜೇಬು, ಪಂಚೆಯ ಮಡಿ ಎಲ್ಲ ತಪಾಸಣೆ ಮಾಡಿಯೇ ಕರೆದುಕೊಂಡು ಹೋದೆ. ಪರದೆಯಲ್ಲಿ ಈ ಸಲ ಪಾದ ಬೇರೆಯೇ. ಗಾಯದ ಸುತ್ತ ಹಳದಿ, ಅಂಚಿನಲ್ಲಿ ಕೆಂಪು. ಡಾಕ್ಟರಮ್ಮ ಬೇರೆ ಪರೀಕ್ಷೆಗಳನ್ನೂ ನೋಡಿ, "ಕತ್ತರಿಸುದು ಬೇಡ. ಶುಗರ್ ಹಿಡಿತದಲ್ಲಿಡಿ, ಹೊಗೆಸೊಪ್ಪು ಬಿಡಿ" ಎಂದರು. ಭಾವ ಕಣ್ಣೊರೆಸಿಕೊಂಡರು. ನಾನೂ.

ಖುಷಿಯಲ್ಲಿ ನನಗೆ ಹುಮ್ಮಸ್ಸು ಬಂತು. "ನನ್ನ ಕೈಯನ್ನೂ ಒಮ್ಮೆ ನೋಡಿ" ಎಂದು ಕ್ಯಾಮರಾದಡಿ ಚಾಚಿದೆ. ಹುಡುಗಿ ನಗುತ್ತಾ ಗುಂಡಿ ಒತ್ತಿದಳು. ಐದೂ ಬೆರಳು ನೀಲಿ! (ತಪಾಸಣೆ ಮಾಡಿದ್ದು ಭಾವನ ಜೇಬು ಮಾತ್ರ. ಬಸ್ಸಿನಲ್ಲಿ ನನ್ನದೊಂದು ಎಲೆ ಆಗಿತ್ತು.) ಭಾವ ಆಸ್ಪತ್ರೆ ಎಂಬುದನ್ನೂ ಮರೆತು ನಕ್ಕರು.

ಗಾಯ ಈಗ ಮಾಗಿದೆ. ಮೊನ್ನೆ ಭಾನುವಾರ ಕುಂಬ್ಡಾಜೆಯ ಒಂದು ಉಪನಯನದಲ್ಲಿ ಭಾವ ಮತ್ತೆ ಉರುಳಿಯ ಎದುರು ನಿಂತಿದ್ದರು, ಎರಡು ಕಾಲಿಗೂ ಸಮ ಭಾರ ಹಾಕಿ. ಊಟವಾದ ಮೇಲೆ ಎಲೆಯ ಹರಿವಾಣ ನಮ್ಮತ್ತ ಬಂತು. ಭಾವ ಒಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಹರಿವಾಣವನ್ನು ನನ್ನ ಕಡೆ ಸರಿಸಿದರು. ನನ್ನ ಕೈ ಹೊಗೆಸೊಪ್ಪಿನ ಕಡೆ ಹೋಯಿತು.

ಪಂಕ್ತಿಗೆಲ್ಲ ಕೇಳುವ ಹಾಗೆ ಭಾವ ಕೇಳಿದರು: "ಮಾರಾಯ, ಇವತ್ತು ನಿನ್ನ ಕೈ ಎಂತ ಬಣ್ಣ?"