ಗೇಟಿನ ಬಳಿಯ ಕಪ್ಪು ಚೀಲ

ಯಾವುದೋ ಊರಿನಲ್ಲಿ ಬಾಂಬ್ ಸಿಡಿದ ಮರುವಾರ, ವೆಸ್ಟ್ ಮಾಂಬಲಂನ ನಮ್ಮ ಅಪಾರ್ಟ್‌ಮೆಂಟಿನವರು ಭಯೋತ್ಪಾದನೆಯನ್ನು ಮಟ್ಟಹಾಕಲು ಟೆರೇಸಿನಲ್ಲಿ ಸಭೆ ಸೇರಿದರು. ಐದಕ್ಕೆ ಶುರುಮಾಡಿ ಆರಕ್ಕೆಲ್ಲ ಮಟ್ಟಹಾಕಿ ಮುಗಿಸಬೇಕಿತ್ತು, ಟಿವಿಯಲ್ಲಿ ಮ್ಯಾಚ್ ಇತ್ತು. ಬ್ಯಾಂಕಿನಿಂದ ನಿವೃತ್ತರಾದ ಸೆಕ್ರೆಟರಿ ಈವರೆಗಿನ ಸ್ಫೋಟಗಳನ್ನೆಲ್ಲ ಊರು, ಇಸವಿ ಸಮೇತ ಒಪ್ಪಿಸಿದರು. ಎಲ್ಲವೂ ವಾಟ್ಸ್‌ಆಪ್ ಕೃಪೆ. ಪರಿಹಾರವೂ ಅವರ ಬಳಿ ಸಿದ್ಧವಿತ್ತು: ಗೇಟಿನಲ್ಲೊಂದು ರಿಜಿಸ್ಟರ್. ಬಾಂಬ್ ಇಡಲು ಬರುವವನು ಹೆಸರು, ಫೋನ್ ನಂಬರ್ ಬರೆದು ಸಹಿ ಹಾಕಿಯೇ ಒಳಗೆ ಬರತಕ್ಕದ್ದು.

ನನ್ನ ಗಂಡ ಹಿಂದಿನ ಸಾಲಿನಲ್ಲಿ ಕೂತಿದ್ದರು. ಮದುವೆಗೆ ಮುಂಚೆ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾಗ, ಮಾರುಕಟ್ಟೆಯೊಂದರ ಸ್ಫೋಟದಲ್ಲಿ ಅವರ ಎಡಗಿವಿ ಕೇಳದಂತಾಗಿತ್ತು. ಸಭೆಯಲ್ಲಿದ್ದವರಲ್ಲಿ ಬಾಂಬ್ ಸಿಡಿದದ್ದನ್ನು ಕಣ್ಣಾರೆ ಕಂಡವರು ಅವರೊಬ್ಬರೇ. ಹಾಗಾಗಿ ಅವರನ್ನು ಯಾರೂ ಏನೂ ಕೇಳಲಿಲ್ಲ.

ಹತ್ತು ದಿನ ಕಳೆದಿರಬೇಕು. ಬೆಳಿಗ್ಗೆ ಗೇಟಿನ ಪಕ್ಕ ಕಪ್ಪು ಚೀಲವೊಂದು ಬಿದ್ದಿತ್ತು. ನಮ್ಮದು ಎನ್ನುವವರಿಲ್ಲ. ಸಭೆಯ ಜಾಗೃತಿ ಫಲ ಕೊಟ್ಟಿತು: ಇಡೀ ಅಪಾರ್ಟ್‌ಮೆಂಟು ಮೊಬೈಲ್ ಹಿಡಿದು ಚೀಲದ ಸುತ್ತ ನೆರೆಯಿತು. ಸೆಕ್ರೆಟರಿ ಬಗ್ಗಿ ಕೊಡೆಯ ತುದಿಯಿಂದ ಜಿಪ್ಪನ್ನು ಮೀಟತೊಡಗಿದರು.

ಹಾಲು ತರಲು ಇಳಿದಿದ್ದ ನನ್ನ ಗಂಡ ಅವರ ರಟ್ಟೆ ಹಿಡಿದು ಹಿಂದಕ್ಕೆಳೆದರು. ಅವರು ದನಿಯೇರಿಸಿದ್ದನ್ನು ಇಷ್ಟು ವರ್ಷಗಳಲ್ಲಿ ನಾನು ಕೇಳಿದ್ದು ಅಂದೇ. ಎಲ್ಲರನ್ನೂ ಬೀದಿಯ ತುದಿಗೆ ಅಟ್ಟಿ ಪೊಲೀಸರಿಗೆ ಫೋನ್ ಮಾಡಿದರು. ನಾಯಿಯೊಂದಿಗೆ ಬಂದವರು ಪರೀಕ್ಷಿಸಿ ತೆರೆದಾಗ ಸಿಕ್ಕಿದ್ದು ಎರಡು ಸೀರೆ, ಒಂದು ಡಬ್ಬಿ ನಿಪ್ಪಟ್ಟು. ಯಾರೋ ಆಟೊ ಹತ್ತುವ ಗಡಿಬಿಡಿಯಲ್ಲಿ ಮರೆತಿದ್ದರು.

"ತಟ್ಟೈಕ್ಕಾ ಸಾರ್ ಇವ್ಳೋ ಬಯಂ?" ನಿಪ್ಪಟ್ಟಿಗೆ ಇಷ್ಟು ಹೆದರಿಕೆಯೇ ಎಂದು ಸೆಕ್ರೆಟರಿ ತಮಿಳಿನಲ್ಲಿ ಕೇಳಿ ನಕ್ಕರು. ಬೀದಿಯ ತುದಿಗೆ ಎಲ್ಲರಿಗಿಂತ ಮೊದಲು ತಲುಪಿದ್ದವರು ಅವರೇ. ಉಳಿದವರೂ ನಕ್ಕರು.

ಮನೆಗೆ ಬಂದ ಮೇಲೆ ಇವರು ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದು ಹೇಳಿದರು: "ಅವತ್ತೂ ಒಂದು ಚೀಲ ಇತ್ತು ಕಣೇ. ನಾನು ನೋಡ್ದೆ. ನಮಗ್ಯಾಕೆ ಈ ವಂಬು, ಇಲ್ಲದ ತಂಟೆ ಅಂತ ಮುಂದೆ ಹೋದೆ. ಅದರ ಪಕ್ಕ ಹೂ ಮಾರೋಳು ಕೂತಿದ್ಲು."

ಅದನ್ನು ಅವರು ನನಗೂ ಹೇಳಿರಲಿಲ್ಲ. ಹೋಗಿ ಪಕ್ಕದಲ್ಲಿ ಕೂತೆ.

ಮುಂದಿನ ಸಭೆಯಲ್ಲಿ ಸಮಯಪ್ರಜ್ಞೆ ಮೆರೆದದ್ದಕ್ಕೆ ಶಾಲು ಹೊದಿಸಿದರು, ಸೆಕ್ರೆಟರಿಗೆ. ನನ್ನ ಗಂಡ ಮನಸಾರೆ ಚಪ್ಪಾಳೆ ತಟ್ಟಿದರು. ನಾನು ಕೈ ಕಟ್ಟಿಕೊಂಡು ಕೂತಿದ್ದೆ.