ಎರಡು ಬೆರಳು ಸಾಕೆಂದಳು ತಿರುವಿನಮ್ಮ

ತಾಯಿಯನ್ನು ನಂಬಿದ ಎಲ್ಲರಿಗೂ ಕೈಮುಗಿದು, ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ಕೆಲವರಿಗೆ ಇದು ಹಿಡಿಸದೇ ಹೋಗಬಹುದು. ಅದಕ್ಕೆ ನಾನೇನೂ ಮಾಡಲಾರೆ.

ಎರಡು ವರ್ಷದ ಹಿಂದೆ, ಆಷಾಢದ ಒಂದು ಶನಿವಾರ ಮಧ್ಯಾಹ್ನ, ತೀರ್ಥಹಳ್ಳಿ ಬಸ್ ನಿಲ್ದಾಣದಲ್ಲಿ ನನ್ನ ಎಡಗೈಯ ಎರಡು ಬೆರಳು ಬಸ್ಸಿನ ಬಾಗಿಲಿಗೆ ಸಿಕ್ಕಿದವು. ಯಾರ ತಪ್ಪೂ ಅಲ್ಲ. ಬೆನ್ನಿಗೆ ಗಿಟಾರ್ ಹಾಕಿಕೊಂಡಿದ್ದೆ. ಅದು ಎಲ್ಲಿಯೂ ತಾಗದಿರಲಿ ಎಂದು ಓರೆಯಾಗಿ ತಿರುಗಿ ಬಾಗಿಲಿನ ಅಂಚು ಹಿಡಿದಿದ್ದೆ. ಹಿಂದಿನವರು ನುಗ್ಗಿದರು, ಬಾಗಿಲು ಬಡಿಯಿತು. ಉಂಗುರದ ಬೆರಳು ಮತ್ತು ಕಿರುಬೆರಳು. ಗಿಟಾರಿನ ಮೇಲೆ ಒಂದು ಗೀರೂ ಬೀಳಲಿಲ್ಲ.

ಆ ಎರಡು ಬೆರಳು ನನಗೆ ಏನಾಗಿದ್ದವು ಎಂದು ತಿಳಿಯಬೇಕಾದರೆ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಹೆಸರು ಸುಮಿತ್ರ. ಸಾಗರದಲ್ಲಿ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದರು. ಆರ್ಕೆಸ್ಟ್ರಾದವರೊಬ್ಬರು ಆಂಪ್ಲಿಫೈಯರ್ ರಿಪೇರಿಗೆಂದು ಕೊಟ್ಟು, ಜೊತೆಗೆ ಒಂದು ಹಳೆಯ ಗಿಟಾರನ್ನೂ ಅಂಗಡಿಯಲ್ಲಿಟ್ಟು ಹೋದವರು ತಿರುಗಿ ಬರಲೇ ಇಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಅದನ್ನು ಕೈಗೆತ್ತಿಕೊಂಡೆ. ರಿಪೇರಿಗೆ ಬಂದ ರೇಡಿಯೋಗಳಲ್ಲಿ ಬರುವ ಹಾಡುಗಳೇ ನನ್ನ ಗುರುಗಳು. ಇಪ್ಪತ್ತೆರಡಕ್ಕೆ ಬೆಂಗಳೂರಿನ ಸ್ಟುಡಿಯೋಗಳಲ್ಲಿ ನುಡಿಸತೊಡಗಿದೆ. ಬೆಳಿಗ್ಗೆ ಭಾವಗೀತೆ, ಮಧ್ಯಾಹ್ನ ಬಟ್ಟೆ ಸೋಪಿನ ಜಾಹೀರಾತು, ಸಂಜೆ ಕೊಂಕಣಿ ಪ್ರಾರ್ಥನಾಗೀತೆ. ಏನು ಕೇಳಿದರೂ ನುಡಿಸುತ್ತಿದ್ದೆ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ನನ್ನ ಹೆಸರು ಇರುತ್ತಿರಲಿಲ್ಲ, ಆದರೆ ಹಾಡು ಶುರುವಾಗುತ್ತಿದ್ದುದು ನನ್ನ ಬೆರಳಿನಿಂದ. ಆಮೇಲೆ ನಾಟಕಗಳಿಗೆ, ಮಕ್ಕಳ ಶಿಬಿರಗಳಿಗೆ ರಾಗ ಕಟ್ಟಿದೆ. ಮದುವೆಯಾಗಿ ಸಾಗರಕ್ಕೆ ಮರಳಿದ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಗಿಟಾರ್ ಕ್ಲಾಸು ನಡೆಸುತ್ತ, ಕರೆ ಬಂದಾಗ ಬೆಂಗಳೂರಿಗೂ ಹೋಗುತ್ತಿದ್ದೆ.

ಹೊಸನಗರ ದಾಟಿದ ಮೇಲೆ ತೀರ್ಥಹಳ್ಳಿ ದಾರಿಯ ಒಂದು ತಿರುವಿನಲ್ಲಿ ಅಮ್ಮನ ಪುಟ್ಟ ಗುಡಿಯಿದೆ. ನಮ್ಮ ಕಡೆಯವರು ತಿರುವಿನಮ್ಮ ಎನ್ನುತ್ತೇವೆ. ಬಸ್ಸು ಅಲ್ಲಿ ನಿಧಾನವಾಗುತ್ತದೆ, ಕಂಡಕ್ಟರ್ ಕಾಣಿಕೆ ಹಾಕುತ್ತಾನೆ. ಶುಕ್ರವಾರ ಸಂಜೆ ಭಜನೆ. ಅಲ್ಲಿ ಒಮ್ಮೆ ಗಿಟಾರ್ ನುಡಿಸುತ್ತೇನೆ ಎಂದು ಕೇಳಿದ್ದೆ. ಭಜನಾ ಮಂಡಳಿಯ ಹಿರಿಯರು ಗೋಪಾಲಣ್ಣ ಒಪ್ಪಲಿಲ್ಲ. "ಅದು ಸಿನಿಮಾದ ವಾದ್ಯ. ಇಲ್ಲಿ ಹಾರ್ಮೋನಿಯಂ, ತಾಳ ಸಾಕು" ಎಂದರು. ಹಾರ್ಮೋನಿಯಂ ಕೂಡ ಹಡಗಿನಲ್ಲೇ ಬಂದದ್ದು ಎಂದೆ. ಅವರು ನಗಲಿಲ್ಲ.

ಬೆರಳು ಜಜ್ಜಿದ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಬಟ್ಟೆ ಸುತ್ತಿ ಶಿವಮೊಗ್ಗಕ್ಕೆ ಕಳಿಸಿದರು. ಮಂಡಗದ್ದೆಯ ಪಕ್ಷಿಧಾಮ ದಾಟುವಾಗ ಆಂಬುಲೆನ್ಸಿನ ನರ್ಸ್, "ಮೇಡಂ, ಹಕ್ಕಿ ಕಾಣ್ತಾವೆ ನೋಡಿ" ಎಂದು ನನ್ನ ಗಮನ ಬೇರೆಡೆ ಸೆಳೆಯಲು ನೋಡಿದಳು. ನಾನು ಕೈಯಿಂದ ಕಣ್ಣು ತೆಗೆಯಲಿಲ್ಲ. ಮರುದಿನ ಆಪರೇಷನ್ ಆಯಿತು. ಆರು ವಾರ ಪಟ್ಟಿ, ಆಮೇಲೆ ನಾಲ್ಕು ತಿಂಗಳು ಬೆರಳಿನ ವ್ಯಾಯಾಮ. ಕೊನೆಯ ಸಲ ಹೋದಾಗ ಡಾಕ್ಟರು ನನ್ನ ಉಂಗುರದ ಬೆರಳನ್ನು ಮೆಲ್ಲಗೆ ಒತ್ತಿ ನೋಡಿದರು. ಅದು ಬಾಗಲಿಲ್ಲ. ಕಿರುಬೆರಳಿಗೆ ಸ್ಪರ್ಶವೇ ಇರಲಿಲ್ಲ.

"ಮನೆಕೆಲಸಕ್ಕೆಲ್ಲ ತೊಂದ್ರೆ ಇಲ್ಲ. ಬಕೆಟ್ ಎತ್ತಬಹುದು."

"ಗಿಟಾರ್?" ಎಂದೆ.

"ಮೊದಲಿನ ಹಾಗೆ ಆಗಲ್ಲಮ್ಮ. ಸುಳ್ಳು ಹೇಳಿ ಕಳಿಸೋಕೆ ನಂಗೆ ಇಷ್ಟ ಇಲ್ಲ."

ಬೆಂಗಳೂರಿನಲ್ಲಿ ನನ್ನನ್ನು ಸದಾ ಕರೆಯುತ್ತಿದ್ದ ಸಂಗೀತ ಸಂಯೋಜಕ ಪ್ರಕಾಶ, "ಗುಣ ಆಗ್ಲಿ ಅಕ್ಕ, ನೋಡೋಣ" ಎಂದ. ಆಮೇಲೆ ಅವನ ಫೋನು ಬರಲಿಲ್ಲ. ಕ್ಲಾಸಿನಲ್ಲಿ ಬಾಯಲ್ಲೇ ಹೇಳಿಕೊಟ್ಟೆ, ಆದರೆ ನುಡಿಸಿ ತೋರಿಸದ ಟೀಚರ ಹತ್ತಿರ ಮಕ್ಕಳು ಎಷ್ಟು ದಿನ ನಿಲ್ಲುತ್ತಾರೆ? ಒಬ್ಬೊಬ್ಬರೇ ಬಿಟ್ಟರು, ತೀರ್ಥಹಳ್ಳಿಯಲ್ಲಿ ಮಾತ್ರ ನಾಲ್ಕೈದು ಜನ ಉಳಿದರು. ಗಿಟಾರನ್ನು ಮಂಚದ ಕೆಳಗೆ ತಳ್ಳಿದೆ. ನನ್ನ ಗಂಡ ಗಣೇಶ ಜಗಳ ಕಾಯುವ ಮನುಷ್ಯನಲ್ಲ. "ಬೇರೆ ಎಂತಾದ್ರೂ ಮಾಡಿದ್ರಾತು ಬಿಡು" ಎಂದರು. ಅದು ಸಮಾಧಾನದ ಮಾತು. ಆದರೂ ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಒಂದು ಭಾನುವಾರ ಗೋಪಾಲಣ್ಣ ಪ್ರಸಾದ ಹಿಡಿದುಕೊಂಡು ಮನೆಗೆ ಬಂದರು.

"ಬೇಜಾರು ಮಾಡ್ಕೋಬೇಡ ಸುಮಿತ್ರ. ಅಮ್ಮಂಗೆ ಆ ವಾದ್ಯ ಆಗಿಬರಲ್ಲ ಅಂತ ನಾನು ಆಗ್ಲೇ ಹೇಳಿದ್ದೆ. ಅವಳು ಅವಳ ರೀತೀಲಿ ತೋರಿಸಿದ್ಲು. ಇನ್ನಾದ್ರೂ ತಾಳ ಹಿಡ್ಕೊಂಡು ಭಜನೆಗೆ ಬಾ."

"ಗೋಪಾಲಣ್ಣ, ಯಾವ ತಾಯಿ ಮಗಳ ಬೆರಳನ್ನ ಬಾಗಿಲಿಗೆ ಕೊಟ್ಟು ಜಜ್ಜುತ್ತಾಳೆ?"

"ಅದು ನಮ್ಗೆಲ್ಲ ತಿಳಿಯೋ ವಿಷ್ಯ ಅಲ್ಲ."

"ತಿಳಿಯದಿದ್ರೆ ನೀವೂ ಹೇಳ್ಬೇಡಿ."

ಗಟ್ಟಿಯಾಗಿ ಹೇಳಿ ಕಳಿಸಿದೆ ನಿಜ. ಆದರೆ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಇದ್ದರೂ ಇರಬಹುದೇ? ಮೂರು ತಿಂಗಳು ತೀರ್ಥಹಳ್ಳಿ ಬಸ್ಸಿನಲ್ಲಿ ಗುಡಿ ಕಾಣದ ಕಡೆಯ ಸೀಟು ಹುಡುಕಿ ಕೂತೆ. ನಂಬಿದವಳ ಮುಖ ನೋಡಲು ಹೆದರಿ ಬದುಕುವುದಕ್ಕಿಂತ ದೊಡ್ಡ ಕಷ್ಟ ನನಗೆ ಬೇರೆ ಬಂದಿಲ್ಲ. ಬೆರಳಿನ ನೋವು ಅದರ ಮುಂದೆ ಏನೂ ಅಲ್ಲ.

ಆಮೇಲೆ ಒಂದು ಬುಧವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಏನು ತೋರಿತೋ, ಕಂಡಕ್ಟರಿಗೆ ಹೇಳಿ ತಿರುವಿನಲ್ಲೇ ಇಳಿದುಬಿಟ್ಟೆ. ಗುಡಿಯ ಮುಂದೆ ಯಾರೂ ಇರಲಿಲ್ಲ. ಕೈಮುಗಿಯಲಿಲ್ಲ. ಎಡಗೈ ಮುಂದೆ ಚಾಚಿ ಜೋರಾಗಿ ಕೇಳಿದೆ:

"ಇದನ್ನ ನೀನು ಮಾಡಿದ್ದಾ? ಮಾಡಿದ್ರೆ ಹೇಳು, ಇವತ್ತೇ ನಿನ್ನ ಬಿಟ್ಟು ಹೋಗ್ತೀನಿ. ಮಾಡಿಲ್ಲ ಅಂದ್ರೆ ಬೆರಳು ವಾಪಸ್ ಕೊಡು. ಅದೂ ಆಗಲ್ಲ ಅಂದ್ರೆ ಉಳಿದ ಎರಡು ಬೆರಳಲ್ಲಿ ಎಂತ ಮಾಡದು ಅಂತಾದ್ರೂ ಹೇಳು. ಹರಕೆ ಹೊರಲ್ಲ. ಗಿಟಾರಂತೂ ಬಿಡಲ್ಲ!"

ಅಮ್ಮ ಏನೂ ಹೇಳಲಿಲ್ಲ. ಹೂವು ಬೀಳಲಿಲ್ಲ, ಹಲ್ಲಿ ಲೊಚಗುಟ್ಟಲಿಲ್ಲ. ಮುಂದಿನ ಬಸ್ಸಿಗೆ ಒಂದು ಗಂಟೆ ಕಾದು ಮನೆಗೆ ಬಂದೆ.

ಅದೇ ಶನಿವಾರ ತೀರ್ಥಹಳ್ಳಿಯ ನನ್ನ ಕ್ಲಾಸಿಗೆ, ಟೈಲರ್ ಅಂಗಡಿಯ ಮೇಲಿನ ಕೋಣೆಗೆ, ಹೆಂಗಸೊಬ್ಬರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಜಲಜಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು, ಅರವತ್ತೊಂಬತ್ತು ವಯಸ್ಸು. ಹೆಗಲಲ್ಲಿ ಮೊಮ್ಮಗಳು ಬಿಟ್ಟ ಗಿಟಾರ್.

"ಕಲಿಬೇಕು" ಎಂದರು. "ಮೂವತ್ತು ವರ್ಷ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಊರವರ ಮಾತು ಊರವರಿಗೆ ಜೋಡಿಸಿಕೊಟ್ಟೆ. ಈಗ ಈ ಕಿವಿಗೆ ನಂದೇ ಎಂತಾದ್ರೂ ಬೇಕು."

ಅವರ ಕೈ ನೋಡಿದೆ. ಸಂಧಿವಾತದಿಂದ ಗೆಣ್ಣುಗಳು ಊದಿದ್ದವು. ನನಗೇ ಗೊತ್ತಿಲ್ಲದಂತೆ ಆ ಡಾಕ್ಟರ ಮಾತು ನನ್ನ ಬಾಯಿಂದ ಬಂತು. "ಕಷ್ಟ ಜಲಜಕ್ಕ. ಈ ಬೆರಳು ತಂತಿ ಮೇಲೆ ಕೂರಲ್ಲ. ಸುಳ್ಳು ಹೇಳಿ ಫೀಸ್ ತಗೊಳ್ಳೋಕೆ ನಂಗೆ ಇಷ್ಟ ಇಲ್ಲ."

ಅವರು ಗಿಟಾರಿನ ತುದಿಯಲ್ಲಿದ್ದ ಬಿರಡೆಗಳನ್ನು ತೋರಿಸಿದರು.

"ಇದು ಇರದು ಎಂತಕ್ಕೆ ಮಾರಾಯ್ತಿ?"

"ತಂತಿ ಬಿಗಿ ಮಾಡೋಕೆ, ಸಡಿಲ ಮಾಡೋಕೆ. ಶ್ರುತಿಗೆ."

"ಹಾಗಾದ್ರೆ ತಂತಿ ನಿಮ್ಮ ಮಾತು ಕೇಳ್ತದೆ. ಬೆರಳು ಕೇಳಲ್ಲ. ಕೇಳದೇ ಇರೋದಕ್ಕೆ ಯಾಕೆ ಬುದ್ಧಿ ಹೇಳ್ತೀರಿ? ಕೇಳೋ ತಂತಿಗೆ ಹೇಳಿ."

ತಂತಿಗಳ ಶ್ರುತಿ ಬದಲಿಸಿ ನುಡಿಸುವುದು ಹೊಸ ವಿಷಯವೇನಲ್ಲ. ಸ್ಟುಡಿಯೋದಲ್ಲಿ ಹಾಡಿಗೆ ಬೇಕೆಂದು ನಾನೇ ಎಷ್ಟೋ ಸಲ ಮಾಡಿದ್ದೆ. ಹಾಡಿಗಾಗಿ ಮಾಡಿದ್ದನ್ನು ನನ್ನ ಕೈಗಾಗಿ ಮಾಡಬಹುದು ಎಂದು ಆ ಹತ್ತು ತಿಂಗಳಲ್ಲಿ ಒಂದು ದಿನವೂ ಹೊಳೆದಿರಲಿಲ್ಲ. ಮೊದಲಿನ ಹಾಗೆ ಆಗುವುದಿಲ್ಲ ಎಂಬ ಒಂದೇ ಮಾತು ಕಿವಿ ತುಂಬಿತ್ತು.

ಅವರ ಗಿಟಾರನ್ನೇ ಇಸಿದುಕೊಂಡು ಆರೂ ತಂತಿಗಳನ್ನು ಷಡ್ಜ, ಪಂಚಮ, ಗಾಂಧಾರಗಳಿಗೆ ಇಳಿಸಿದೆ. ಬೆರಳು ಇಡದೆ ಮೀಟಿದರೂ ತುಂಬಿದ ನಾದ. ಒಂದು ಬೆರಳು ಅಡ್ಡಲಾಗಿ ಇಟ್ಟು ಸರಿಸಿದರೆ ಹೊಸ ಸ್ವರಮೇಳ. ಇನ್ನೊಂದು ಬೆರಳು ರಾಗ ಹಿಡಿಯಲು ಖಾಲಿಯೇ ಇತ್ತು. ನನಗೆ ಇದ್ದದ್ದೂ ಎರಡೇ. ಎಷ್ಟು ಹೊತ್ತು ನುಡಿಸಿದೆನೋ ತಿಳಿಯದು. ಕೆಳಗಿನ ಹೊಲಿಗೆ ಯಂತ್ರ ನಿಂತದ್ದು ಮಾತ್ರ ನೆನಪಿದೆ. ಕಣ್ಣು ಒರೆಸಿಕೊಂಡು ಕೇಳಿದೆ, "ನನ್ನ ಹತ್ರವೇ ಕಲಿಬೇಕು ಅಂತ ನಿಮಗೆ ಹೇಳಿದ್ದು ಯಾರು?"

ಜಲಜಕ್ಕ ಸ್ವಲ್ಪ ಸಂಕೋಚಪಟ್ಟರು. "ಬುಧವಾರ ಹೊಸನಗರದಿಂದ ವಾಪಸ್ ಬರೋವಾಗ ಇಳಿದು, ತಿರುವಿನಮ್ಮಂಗೆ ಕೈಮುಗಿದು ಗುಡಿ ಹಿಂದಿನ ಕಟ್ಟೆ ಮೇಲೆ ಕೂತಿದ್ದೆ. ಮುಂದ್ಗಡೆ ಯಾರೋ ಅಮ್ಮನ ಹತ್ರ ಗಿಟಾರಿನ ಸಲುವಾಗಿ ಜಗಳ ಆಡ್ತಿದ್ರು. ಇಂಥ ಹಟ ಇರೋರ ಹತ್ರ ಕಲಿತ್ರೆ ನಂಗೂ ಬಂದೀತು ಅನ್ನಿಸ್ತು. ಪೂಜಾರಿ ಮಂಜಯ್ಯನ್ನ ಕೇಳಿದೆ, ನಿಮ್ಮ ವಿಳಾಸ ಹೇಳಿದ್ರು."

ಬಂಧುಗಳೇ, ಇದನ್ನು ಕಾಕತಾಳೀಯ ಎನ್ನುವವರು ಧಾರಾಳವಾಗಿ ಅನ್ನಬಹುದು. ನಾನು ಗುಡಿಯ ಮುಂದೆ ಕೇಳಿದೆ, ಉತ್ತರ ಗುಡಿಯ ಹಿಂದಿನಿಂದ ಬಸ್ಸು ಹತ್ತಿ ಬಂತು. ಬೇರೆ ಹೇಗೆ ಬರಬೇಕಿತ್ತು?

ಆಮೇಲಿನ ಐದು ತಿಂಗಳು ಹಸಿದವಳಂತೆ ಅಭ್ಯಾಸ ಮಾಡಿದೆ. ಎರಡು ಬೆರಳಿಗೆಂದೇ ರಾಗಗಳನ್ನು ಕಟ್ಟಿದೆ. ನುಡಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಪ್ರಕಾಶನಿಗೆ ಕಳಿಸಿ, "ಎರಡೇ ಬೆರಳು. ಬೇಕಿದ್ರೆ ಕರಿ, ಕನಿಕರಕ್ಕೆ ಕರೀಬೇಡ" ಎಂದೆ. ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ ಫೋನ್ ಮಾಡಿ, "ಅಕ್ಕ, ಈ ನಾದ ನಂಗೆ ಬೇರೆ ಯಾರ ಹತ್ರಾನೂ ಸಿಗ್ತಿಲ್ಲ" ಎಂದ. ಮೊನ್ನೆ ಚೈತ್ರದಲ್ಲಿ ಬೆಂಗಳೂರಿಗೆ ಹೋಗಿ ಒಂದು ನಾಟಕದ ಸಂಗೀತ ಪೂರ್ತಿ ನುಡಿಸಿ ಬಂದೆ.

ಬಂದ ವಾರವೇ, ಶುಕ್ರವಾರ, ಗಿಟಾರ್ ಹಿಡಿದು ತಿರುವಿನಮ್ಮನ ಭಜನೆಗೆ ಹೋದೆ. ಜೊತೆಗೆ ಜಲಜಕ್ಕನೂ ಇದ್ದರು. ಗೋಪಾಲಣ್ಣ ಬಾಗಿಲಲ್ಲೇ ತಡೆದರು.

"ಒಂದ್ಸಲ ಪೆಟ್ಟು ಬಿದ್ದದ್ದು ಸಾಲ್ದಾ ನಿಂಗೆ?"

"ಪೆಟ್ಟು ಕೊಟ್ಟದ್ದು ಬಸ್ಸಿನ ಬಾಗಿಲು, ಗೋಪಾಲಣ್ಣ. ಅಮ್ಮನ ಮೇಲೆ ಹಾಕ್ಬೇಡಿ. ನಾನು ಅವಳನ್ನೇ ಕೇಳಿ ಬಂದಿದ್ದೀನಿ."

ಒಳಗಿನಿಂದ ಮಂಜಯ್ಯ, "ಅಮ್ಮಂಗೆ ಬೇಡ ಅಂದ್ರೆ ಪೂಜೆ ಮಾಡೋ ನಂಗೆ ಹೇಳ್ತಾಳೆ. ಬಾ ಮಗಾ, ಕೂತ್ಕೋ" ಎಂದರು. ಕೂತೆ. ತಾಳದವರು ಮೊದಲು ತಡವರಿಸಿದರು, ಆಮೇಲೆ ಕೂಡಿಕೊಂಡರು. ಗೋಪಾಲಣ್ಣ ಒಳಗೆ ಬರಲಿಲ್ಲ. ಆದರೆ ಮಂಗಳಾರತಿಯಾಗುವ ತನಕ ಹೊರಗೆ ನಿಂತೇ ಇದ್ದರು, ಮನೆಗೆ ಹೋಗಲಿಲ್ಲ. ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವರ ಮಾತನ್ನು ಮಾತ್ರ ಇಂದಿಗೂ ಒಪ್ಪಿಲ್ಲ.

ನನ್ನ ಉಂಗುರದ ಬೆರಳು ಇವತ್ತಿಗೂ ಬಾಗುವುದಿಲ್ಲ. ಆದರೂ ನನ್ನ ಪ್ರಾರ್ಥನೆ ಫಲಿಸಿದೆ ಎಂದು ಎದೆ ತಟ್ಟಿ ಹೇಳುತ್ತೇನೆ. ನಿಮ್ಮ ಕಷ್ಟಕ್ಕೆ ದೇವಿಯ ಕೋಪವೇ ಕಾರಣ ಎಂದು ಯಾರಾದರೂ ಹೇಳಿದರೆ, ಎಷ್ಟೇ ದೊಡ್ಡವರಾಗಿರಲಿ, ನಂಬಬೇಡಿ. ನೇರವಾಗಿ ಅವಳ ಹತ್ತಿರವೇ ಹೋಗಿ ಕೇಳಿ. ಬೈದೇ ಕೇಳಿ, ತಾಳಿಕೊಳ್ಳುತ್ತಾಳೆ.

ಈಗ ಮೂರೂ ಊರಿನ ಕ್ಲಾಸು ಮತ್ತೆ ತುಂಬಿದೆ. ಹೊಸದಾಗಿ ಯಾರು ಬಂದರೂ ಮೊದಲು ಅವರ ಕೈ ನೋಡುತ್ತೇನೆ. ಸಣ್ಣ ಕೈ, ಒರಟು ಕೈ, ನಡುಗುವ ಕೈ. ಆ ಕೈಗೆ ಒಪ್ಪುವ ಹಾಗೆ ತಂತಿಗಳನ್ನು ಶ್ರುತಿ ಮಾಡಿ, ತಾಯಿಯನ್ನು ನೆನೆದು, ಗಿಟಾರನ್ನು ಅವರ ಮಡಿಲಿಗೆ ಇಡುತ್ತೇನೆ.