ಜೀಪು ಹೋಗುವ ದಾರಿ ನೋಡುತ್ತಿದ್ದೆವು

ಬಾಳ್ಳುಪೇಟೆಯಿಂದ ಒಳಗಿನ ಒಂದು ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ನಾನೂ ನನ್ನ ತಂಗಿಯೂ ಇದ್ದೆವು. ಇಬ್ಬರಿಗೂ ಗಂಡ ಇರಲಿಲ್ಲ. ತಂಗಿಗೆ ಏಳನೇ ಕ್ಲಾಸು ಓದುವ ಮಗಳಿದ್ದಳು. ಆ ವರ್ಷ ಬಂದ ಆನೆಗಳು ತಿರುಗಿ ಹೋಗಲಿಲ್ಲ. ಗದ್ದೆ ತುಳಿದವು, ಸುತ್ತಿನ ಊರುಗಳಲ್ಲಿ ಜನರನ್ನೂ ತುಳಿದವು.

ಬೆಳಿಗ್ಗೆ ಫಾರೆಸ್ಟ್ ಗಾರ್ಡು ಬಂದು, ತೋಟದ ಲೆಕ್ಕ ಬರೆದು ನಮ್ಮನ್ನು ಕೆಲಸಕ್ಕೆ ಹಚ್ಚುವ ರೈಟರ್ ಜಗಲಿಯಲ್ಲಿ ಕಾಫಿ ಕುಡಿದು, ಹಿಂಡು ಎಲ್ಲಿದೆ ಎಂದು ಹೇಳಿ ಹೋಗುತ್ತಿದ್ದ. ಅದನ್ನು ಕೇಳಿ ಸಾಹುಕಾರರ ಜೀಪು ದಾರಿ ಬದಲಿಸುತ್ತಿತ್ತು. ನಮಗೆ ಹೇಳುವವರಿಲ್ಲ. ಜೀಪು ಯಾವ ಕಡೆ ಹೋಗಲಿಲ್ಲವೋ ಆನೆ ಆ ಕಡೆ ಇದೆ ಎಂದು ತಿಳಿದುಕೊಳ್ಳುತ್ತಿದ್ದೆವು.

ಒಂದು ದಿನ ಜೀಪು ಹಾಸನಕ್ಕೆ ಹೋಗಿದ್ದು ಬಂದಿರಲಿಲ್ಲ. ನಾನೇ ಕೇಳಿದೆ.

"ರೈಟ್ರೇ, ಇವತ್ತು ಎಲ್ಲೈತೆ?"

"ಎಲ್ಲೋ ಐತೆ. ಹೇಳಿದ್ರೆ ಸೊಂಟ ನೋವು ಅಂತ ಮಲಿಕ್ಕತ್ತೀರ. ಹಣ್ಣು ಉದುರೋಯ್ತಾ ಐತೆ, ಹಳ್ಳದ ಕಡೆ ಹೋಗ್ರಮ್ಮ."

ದಾರಿಯಲ್ಲಿ ತಂಗಿ ನಕ್ಕಳು. "ಆನೆನಾದ್ರೂ ರೆಂಬೆ ಮುರ್ದು ಸದ್ದು ಮಾಡ್ತೈತೆ ಕಣಕ್ಕ. ಇವನು ಬಾಯೇ ಬಿಡಲ್ಲ."

ಮಂಜು ಕವಿದಿತ್ತು. ಅವಳು ಹತ್ತು ಹೆಜ್ಜೆ ಮುಂದಿದ್ದಳು. ಆನೆ ಸದ್ದು ಮಾಡಲಿಲ್ಲ. ನಾನು ಓಡಿದೆ. ತಿರುಗಿ ಬಂದಾಗ ಅವಳ ಚೀಲ ಗಿಡಕ್ಕೆ ಸಿಕ್ಕಿಕೊಂಡಿತ್ತು, ಅವಳು ಕೆಳಗೆ ಬಿದ್ದಿದ್ದಳು.

ಮಧ್ಯಾಹ್ನ ಫಾರೆಸ್ಟ್ ಆಫೀಸಿನವರು ಬಂದು ಮಹಜರು ಬರೆದರು. ರೈಟರ್ ಹೇಳುತ್ತಾ ಹೋದ, ಅವರು ಬರೆಯುತ್ತಾ ಹೋದರು. ನನಗೆ ಬರುತ್ತಿದ್ದದ್ದು ನನ್ನ ಹೆಸರು ಬರೆಯುವುದೊಂದೇ. ತೋರಿಸಿದ ಕಡೆ ಬರೆದೆ. ಯಾರೂ ಓದಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತಿಥಿ ಕಳೆದ ಮೇಲೆ ಆ ಮಹಜರಿನ ನಕಲು ಕೈಗೆ ಬಂತು. ಹುಡುಗಿ ಗಟ್ಟಿಯಾಗಿ ಓದಿದಳು. ಆನೆ ಇರುವ ವಿಷಯ ಮೊದಲೇ ತಿಳಿಸಿದ್ದರೂ ಸದರಿ ಹೆಂಗಸರು ಕೇಳದೆ ಆ ಕಡೆ ಹೋದರು ಎಂದಿತ್ತು.

"ದೊಡ್ಡವ್ವ, ನಿಂಗೆ ಗೊತ್ತಿತ್ತಾ?"

"ಇಲ್ಲ ಕಣೇ. ಕೇಳ್ದೆ, ಅವನು ಹೇಳ್ಲಿಲ್ಲ."

"ಮತ್ತೆ ಸೈನ್ ಹಾಕಿದ್ದೀಯಲ್ಲ?"

ರೈಟರ್ ಹತ್ತಿರ ಹೋಗಿ, ಯಾಕಪ್ಪ ಹೀಗೆ ಬರೆಸಿದೆ ಎಂದೆ. "ಓದಿ ಸೈನ್ ಹಾಕ್ಬೇಕಿತ್ತು" ಎಂದ. ಜಗಲಿಯಲ್ಲಿ ಗಾರ್ಡು ಕಾಫಿ ಕುಡಿಯುತ್ತಿದ್ದ. ನಮ್ಮ ಮಾತು ಕೇಳಿ ಲೋಟ ಕೆಳಗಿಟ್ಟು ಎದ್ದು ಹೋದ.

ಹುಡುಗಿ ಕುಂದೂರಿನಲ್ಲಿದ್ದ ಅಪ್ಪನ ಕಡೆಯವರ ಮನೆಗೆ ಹೋದಳು. ಅವಳ ಮದುವೆಗೆ ನನ್ನನ್ನು ಕರೆಯಲಿಲ್ಲ. ಎದುರು ಸಿಕ್ಕರೆ ಚೆನ್ನಾಗಿದ್ದೀಯಾ ಎನ್ನುತ್ತಾಳೆ, ಅಷ್ಟೇ. ಆ ಕಾಗದ ಅವಳ ಹತ್ತಿರವೇ ಇದೆ.